ಸಾಕು ಅನ್ನುವ ಸ್ಕ್ರೂ

ದಾವಣಗೆರೆಯ ಚಿಕ್ಕಪ್ಪನಿಗೆ ಫೋನ್ ಮಾಡಿ, "ಪಕ್ಕದ ಮನೆಯವರ ಲಾರಿಗೆ ಪಂಪಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಮಾಡಬೇಕಂತೆ, ನಾನೂ ಕೈಹಾಕ್ತಿದ್ದೀನಿ" ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ, "ಈಗ ಎಷ್ಟು ಸಿಸಿ ಐತೆ?" ಯಾವ ಲಾರಿ, ಯಾರ ಲಾರಿ, ಅಮೆರಿಕಾದಲ್ಲಿ ನಿನಗೇಕೆ ಲಾರಿ, ಇದ್ಯಾವುದೂ ಅಲ್ಲ. ಎಷ್ಟು ಸಿಸಿ. ಎಂಜಿನ್ನಿನ ಗಾತ್ರ ಅಲ್ಲ, ಸಿಲಿಂಡರುಗಳಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪು ಎಷ್ಟು ಡೀಸೆಲ್ ಕೊಡುತ್ತದೆ ಅನ್ನುವ ಅಳತೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲಾರಿಯ ವಿಷಯ ಹೇಳಿಬಿಡುತ್ತೇನೆ. ನಾನಿರುವುದು ಪೆನ್ಸಿಲ್ವೇನಿಯಾದ ಗುಡ್ಡಗಾಡಿನ ಕಡೆ. ಪಕ್ಕದ ಮನೆಯ ಹಿರಿಯರು ನಿವೃತ್ತ ಮೆಕ್ಯಾನಿಕ್. ಅವರ ಕೊಟ್ಟಿಗೆಯಲ್ಲಿ ಒಂದು ಹಸಿರು ಮಿಲಿಟರಿ ಲಾರಿ ಇದೆ. ಹೆಸರು ಎಂ35ಎ2. ಇಲ್ಲಿಯವರು ಪ್ರೀತಿಯಿಂದ 'ಡ್ಯೂಸ್ ಆಂಡ್ ಎ ಹಾಫ್' ಅನ್ನುತ್ತಾರೆ. ರಸ್ತೆ ಇಲ್ಲದ ಕಡೆಯೂ ಎರಡೂವರೆ ಟನ್ ಹೊರುತ್ತದೆ ಅಂತ ಆ ಹೆಸರು. ಹತ್ತು ಟೈರು, ಆರು ಗಾಲಿಗೂ ಡ್ರೈವ್, 24 ವೋಲ್ಟ್ ಬ್ಯಾಟರಿ. ಈ ಜಾತಿಯ ಲಾರಿ ಅಮೆರಿಕಾದ ಸೇನೆಗೆ ಬಂದದ್ದು 1950ರ ಹೊತ್ತಿಗೆ. ಎ2 ಅನ್ನುವ ಈ ತಳಿ ವಿಯೆಟ್ನಾಂ ಯುದ್ಧದಲ್ಲಿ ಓಡಾಡಿತು. ಆಮೇಲೆ ಹರಾಜಿನಲ್ಲಿ ಇಂಥ ಹವ್ಯಾಸಿಗಳ ಕೊಟ್ಟಿಗೆ ಸೇರಿತು. ನಮ್ಮ ಮಲೆನಾಡಿನಲ್ಲಿ ಮಿಲಿಟರಿ ಹರಾಜಿನ ಲಾರಿಗಳು ನಾಟಾ ಎಳೆಯುತ್ತಿದ್ದವಲ್ಲ, ಅದೇ ಕಥೆ. ಇಲ್ಲಿ ನಾಟಾ ಎಳೆಯುವುದಿಲ್ಲ, ಮೆರವಣಿಗೆಗೆ ಹೋಗುತ್ತದೆ, ಅಷ್ಟೇ.

ಅದರ ಎಂಜಿನ್ ಎಲ್‌ಡಿಟಿ-465. ಆರು ಸಿಲಿಂಡರ್, 7.8 ಲೀಟರ್, ಜೊತೆಗೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ. ಅದನ್ನು 'ಮಲ್ಟಿಫ್ಯುಯೆಲ್' ಅನ್ನುತ್ತಾರೆ, ಅಂದರೆ ಡೀಸೆಲ್ ಹಾಕಿದರೂ ಓಡುತ್ತದೆ, ಸೀಮೆಎಣ್ಣೆ ಹಾಕಿದರೂ ಓಡುತ್ತದೆ, ವಿಮಾನದ ಇಂಧನ ಹಾಕಿದರೂ ಓಡುತ್ತದೆ. ಕಷ್ಟಕಾಲಕ್ಕೆ ಪೆಟ್ರೋಲ್ ಹಾಕಿದರೂ ಆದೀತು. ಯುದ್ಧದಲ್ಲಿ ಕೈಗೆ ಯಾವ ಡ್ರಮ್ ಸಿಗುತ್ತದೋ ಅದನ್ನೇ ಸುರಿದು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಕಾಗದದ ಮೇಲೆ ಬಹಳ ಚೆಂದದ ಯೋಚನೆ. ಆದರೆ 1980ರ ದಶಕದ ಕೊನೆಗೆ ಅದೇ ಸೇನೆ ಎಲ್ಲ ಗಾಡಿಗೂ ಒಂದೇ ಇಂಧನ ಸಾಕು ಅಂತ ಜೆಪಿ-8 ಅನ್ನುವ ವಿಮಾನದ ಇಂಧನದ ಕಡೆಗೆ ಹೊರಳಿತು. ಎಂಜಿನ್ ಎಲ್ಲವನ್ನೂ ತಿನ್ನಲು ಕಲಿಯುವುದಕ್ಕಿಂತ ಅಡುಗೆಯವನೇ ಒಂದೇ ಅಡುಗೆ ಮಾಡುವುದು ಸುಲಭ ಅಂತ ಕಂಡಿರಬೇಕು.

ಪೆಟ್ರೋಲಿಗೆ ಡೀಸೆಲ್ ಎಂಜಿನ್ನಿನಲ್ಲಿ ಏನು ಕೆಲಸ ಅಂತ ನಿಮಗೂ ಅನಿಸಬಹುದು. ನನಗೂ ಅನಿಸಿತ್ತು. ಸಾಮಾನ್ಯ ಡೀಸೆಲ್ ಎಂಜಿನ್ ಒಗ್ಗರಣೆ ಇದ್ದ ಹಾಗೆ. ಕಾದ ಗಾಳಿಗೆ ಡೀಸೆಲ್ ಎಸೆಯುತ್ತಾರೆ, ಸಾಸಿವೆ ಸಿಡಿದ ಹಾಗೆ ಚಟಪಟ ಅಂತ ಹತ್ತಿಕೊಳ್ಳುತ್ತದೆ. ಹಳೇ ಲಾರಿಗಳ ಕಟಕಟ ಸದ್ದು ಬರುವುದು ಅಲ್ಲಿಂದಲೇ. ಬೇಗ ಹತ್ತದ ಇಂಧನವನ್ನು ಹೀಗೆ ಎಸೆದರೆ ಅದು ತಡಮಾಡಿ, ಅಷ್ಟೂ ಒಟ್ಟಿಗೆ ಸಿಡಿಯುತ್ತದೆ. ಜರ್ಮನಿಯ ಮಾನ್ ಕಂಪನಿಯಲ್ಲಿ ಮೊಯ್ರರ್ ಅನ್ನುವ ಎಂಜಿನಿಯರ್ 1950ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ಪಿಸ್ಟನ್ನಿನ ತಲೆಯಲ್ಲೇ ಗುಂಡಗಿನ ಒಂದು ಕುಳಿ. ಡೀಸೆಲ್ಲನ್ನು ಗಾಳಿಗೆ ಎಸೆಯುವ ಬದಲು ಆ ಕುಳಿಯ ಬಿಸಿ ಗೋಡೆಗೆ ತೆಳ್ಳಗೆ ಬಳಿಯುವುದು. ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ. ಗಾಳಿಗೆ ಹಾರಿದ ಚೂರುಪಾರು ಮೊದಲು ಹತ್ತಿಕೊಳ್ಳುತ್ತದೆ. ಗೋಡೆಯ ಮೇಲಿನದು ಪದರ ಪದರವಾಗಿ ಆವಿಯಾಗುತ್ತ ಬೆಂಕಿಗೆ ಸೇರುತ್ತದೆ. ಸದ್ದೂ ಕಮ್ಮಿ, ಇಂಧನದ ವಿಷಯದಲ್ಲಿ ಹಟವೂ ಕಮ್ಮಿ. ಅಮೆರಿಕಾದ ಕಾಂಟಿನೆಂಟಲ್ ಕಂಪನಿ ಈ ವಿದ್ಯೆಯನ್ನು ಲೈಸೆನ್ಸ್ ಮೇಲೆ ತಂದು, ಕಂಪ್ರೆಷನ್ನನ್ನು, ಅಂದರೆ ಗಾಳಿಯನ್ನು ಒತ್ತಿ ಕುಗ್ಗಿಸುವ ಪ್ರಮಾಣವನ್ನು, 22ಕ್ಕೆ 1ರಷ್ಟು ಏರಿಸಿ ಈ ಎಂಜಿನ್ ಮಾಡಿತು.

ಮಾನ್ ಅಂದ ತಕ್ಷಣ ಚಿಕ್ಕಪ್ಪ ಫೋನಿನಲ್ಲಿ, "ಶಕ್ತಿಮಾನ್!" ಅಂದರು. ಹೌದು, ನಮ್ಮ ಸೇನೆಯ ಶಕ್ತಿಮಾನ್ ಲಾರಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದದ್ದು ಇದೇ ಮಾನ್ ಕಂಪನಿಯ ಲೈಸೆನ್ಸಿನಲ್ಲಿ. ಹಾಗಾಗಿ ಪೆನ್ಸಿಲ್ವೇನಿಯಾದ ಕೊಟ್ಟಿಗೆಯ ಲಾರಿ ದೂರದ ನೆಂಟ ಅಂತಾಯಿತು. ಅಲ್ಲಿಂದ ಮುಂದೆ ಚಿಕ್ಕಪ್ಪನ ದನಿಯೇ ಬೇರೆ.

ಚಿಕ್ಕಪ್ಪನದು ಪಿ.ಬಿ. ರಸ್ತೆಯ ಪಕ್ಕ ಪಂಪ್ ಕ್ಯಾಲಿಬ್ರೇಷನ್ ಅಂಗಡಿ ಇತ್ತು. ಈಗ ಇಲ್ಲ. ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಹೊರಗೆ ಧೂಳು, ಒಳಗೆ ಮಾತ್ರ ಧೂಳು ಬರಬಾರದು ಅಂತ ಗಾಜಿನ ಬಾಗಿಲು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಥೇಟ್ ದೇವರಮನೆ. ಮಧ್ಯದಲ್ಲಿ ಟೆಸ್ಟ್ ಬೆಂಚು. ಲಾರಿಯಿಂದ ಬಿಚ್ಚಿ ತಂದ ಮೈಕೊ, ಅಂದರೆ ಜರ್ಮನಿಯ ಬಾಷ್‌ನ ಬೆಂಗಳೂರು ಕಂಪನಿಯ, ಪಂಪನ್ನು ಅದರ ಮೇಲೆ ಕೂರಿಸಿ ಮೋಟರಿನಿಂದ ತಿರುಗಿಸಿದರೆ, ಸಾಲಾಗಿ ನಿಂತ ಆರು ಗಾಜಿನ ಕೊಳವೆಗೆ ಎಣ್ಣೆ ಬೀಳುತ್ತಿತ್ತು. ಇಷ್ಟು ಸ್ಟ್ರೋಕಿಗೆ ಇಷ್ಟು ಸಿಸಿ ಅಂತ ಲೆಕ್ಕ. ಆರೂ ಕೊಳವೆಯ ಮಟ್ಟ ಒಂದೇ ಗೆರೆಗೆ ಬರುವ ತನಕ ಚಿಕ್ಕಪ್ಪ ಬಿಡುತ್ತಿರಲಿಲ್ಲ. ಬಗ್ಗಿ, ಕಣ್ಣನ್ನು ಗೆರೆಯ ನೇರಕ್ಕೆ ತಂದು, ಉಸಿರು ಹಿಡಿದು ನೋಡುತ್ತಿದ್ದರು. ಕೊನೆಗೆ ಸ್ಕ್ರೂಗೆ ತಂತಿ ಕಟ್ಟಿ ಸೀಸದ ಸೀಲು ಒತ್ತುವ ಕೆಲಸ ನನಗೆ.

ಬರುವ ಗಿರಾಕಿಗಳು ಎರಡೇ ಥರ. ಲಾರಿ ಮಾಲೀಕ ಬಂದರೆ "ಮೈಲೇಜ್ ಬರ್ತಿಲ್ಲ, ಕಮ್ಮಿ ಮಾಡ್ರಿ." ಡ್ರೈವರ್ ಬಂದರೆ "ಪಿಕಪ್ಪೇ ಇಲ್ಲ, ಘಾಟಿ ಹತ್ತಲ್ಲ, ಜಾಸ್ತಿ ಮಾಡ್ರಿ." ಒಂದೇ ಪಂಪಿಗೆ ಇಬ್ಬರೂ ಬೇರೆ ಬೇರೆ ದಿನ ಬಂದದ್ದೂ ಇದೆ. ಇನ್ನು ಸೀಮೆಎಣ್ಣೆ ಬೆರೆಸಿ ಓಡಿಸಿದವರ ಪಂಪಂತೂ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಿತ್ತು. ಸೀಮೆಎಣ್ಣೆಗೆ ಜಿಡ್ಡು ಕಮ್ಮಿ. ಡೀಸೆಲ್ಲಿನ ಜಿಡ್ಡನ್ನೇ ನಂಬಿಕೊಂಡಿರುವ ಪ್ಲಂಜರಿನ, ಅಂದರೆ ಪಂಪಿನೊಳಗೆ ಏರಿಳಿದು ಡೀಸೆಲ್ ಒತ್ತುವ ಕಡ್ಡಿಯ, ಮೇಲೆ ಉದ್ದುದ್ದ ಗೀರು ಬಿದ್ದಿರುತ್ತಿತ್ತು. ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ತೋರಿಸಿದರೆ ಡ್ರೈವರ್ ಬೇರೆ ಕಡೆ ನೋಡುತ್ತಿದ್ದ. ನಮ್ಮವರು ಅಧಿಕೃತವಾಗಿ ಅಲ್ಲದಿದ್ದರೂ ಮಲ್ಟಿಫ್ಯುಯೆಲ್ ಓಡಿಸಿದವರೇ.

ಈಗ ಪಕ್ಕದ ಮನೆಯ ಪಂಪಿಗೆ ಬರುತ್ತೇನೆ. ಅದರ ಮೇಲೂ ಬಾಷ್ ಅಂತಲೇ ಇದೆ, ಆದರೆ ಅಮೆರಿಕನ್ ಬಾಷ್. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನದು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕಾ ಸರ್ಕಾರ ಜರ್ಮನಿಯವರಿಂದ ಕಿತ್ತುಕೊಂಡು ಬೇರೆ ಮಾಡಿದ ಮನೆತನ. ಬೆಂಗಳೂರಿನ ಮೈಕೊಗೆ ಅದು ಒಂಥರಾ ಪಾಲಾಗಿ ಹೋದ ದಾಯಾದಿ. ಒಳಗಿನ ರಚನೆಯೂ ಬೇರೆ. ಚಿಕ್ಕಪ್ಪನ ಪಂಪುಗಳಲ್ಲಿ ಸಿಲಿಂಡರಿಗೊಂದು ಎಲಿಮೆಂಟು, ಅಂದರೆ ಒಂದೊಂದು ಪ್ಲಂಜರ್. ಇದರಲ್ಲಿ ಆರಕ್ಕೂ ಒಂದೇ ಪ್ಲಂಜರ್. ಅದು ಏರಿಳಿಯುತ್ತಲೇ ತಿರುಗಿ, ಸರದಿ ಪ್ರಕಾರ ಒಂದೊಂದು ಸಿಲಿಂಡರಿಗೂ ಬಡಿಸುತ್ತದೆ. ಎಂಜಿನ್ ನಿಮಿಷಕ್ಕೆ ಗರಿಷ್ಠ 2600 ಸುತ್ತಿನಲ್ಲಿದ್ದಾಗ ಸೆಕೆಂಡಿಗೆ 130 ಸಲ. "ಆರಕ್ಕೂ ಒಂದೇ ಎಲಿಮೆಂಟಾ? ಹಂಗಾದ್ರೆ ಹೆಚ್ಚುಕಮ್ಮಿ ಬಾರದು, ಆದ್ರೆ ಹೋದ್ರೆ ಆರೂ ಹೋದ್ವು" ಅಂದರು ಚಿಕ್ಕಪ್ಪ.

ಈ ಪಂಪಿಗೆ ಅಂಟಿಕೊಂಡು ಇನ್ನೊಂದು ಡಬ್ಬಿ ಇದೆ. ನನ್ನ ಪ್ರಕಾರ ಇಡೀ ಲಾರಿಯಲ್ಲಿ ಅತಿ ಜಾಣ ವಸ್ತು ಅದೇ. ಹೆಸರು ಫ್ಯುಯೆಲ್ ಡೆನ್ಸಿಟಿ ಕಾಂಪೆನ್ಸೇಟರ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲಿನಲ್ಲಿ 32ರ ಆಸುಪಾಸು. ಪಂಪು ಅಳೆಯುವುದು ಪ್ರಮಾಣವನ್ನು, ಶಕ್ತಿಯನ್ನಲ್ಲ. ಒಂದೇ ಅಳತೆಯ ಪಾವಿನಲ್ಲಿ ಅಕ್ಕಿ ಬದಲು ಮಂಡಕ್ಕಿ ಅಳೆದು ಕೊಟ್ಟರೆ ಹೊಟ್ಟೆ ತುಂಬುತ್ತದಾ? ಹಾಗಾಗಿ ತೆಳು ಇಂಧನ ಬಂದರೆ ಪ್ರಮಾಣ ಜಾಸ್ತಿ, ಗಟ್ಟಿ ಇಂಧನ ಬಂದರೆ ಕಮ್ಮಿ ಮಾಡಬೇಕು. ಹೆಸರಿನಲ್ಲಿ ಡೆನ್ಸಿಟಿ ಅಂತಿದ್ದರೂ ಈ ಡಬ್ಬಿ ನೋಡುವುದು ಇಂಧನ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಸಣ್ಣ ಕಿಂಡಿಗಳಲ್ಲಿ ಹಾಯಿಸಿ, ಒತ್ತಡದ ವ್ಯತ್ಯಾಸದಿಂದ ಒಂದು ಪುಟ್ಟ ಪಿಸ್ಟನ್ ಸರಿಸಿ, ಪಂಪಿನ ಮಿತಿಯನ್ನೇ ಆಚೀಚೆ ಮಾಡುತ್ತದೆ. ತಂತಿ ಇಲ್ಲ, ಚಿಪ್ಪಿಲ್ಲ. ಡ್ರೈವರಿಗೆ ಗೊತ್ತೂ ಆಗುವುದಿಲ್ಲ.

ಹಿರಿಯರ ಲಾರಿಯಲ್ಲಿ ಅದನ್ನು ಬೈಪಾಸ್ ಮಾಡಿದ್ದರು. ಸೋರುತ್ತಿತ್ತಂತೆ. ಹಳೇ ಕಾಂಪೆನ್ಸೇಟರ್ ಸೋರುವುದು ಎಲ್ಲ ಮಾಲೀಕರ ಗೋಳು. ಲೈನನ್ನು ಅದರ ಹೊರಗಿನಿಂದ ಹಾಯಿಸಿಬಿಟ್ಟರೆ ಸೋರಿಕೆ ನಿಲ್ಲುತ್ತದೆ, ಜಾಣತನವೂ ನಿಲ್ಲುತ್ತದೆ.

ಸರಿ, ಸ್ಕ್ರೂ. ಪಂಪಿನ ಹಿಂಭಾಗದಲ್ಲಿ ಒಂದು ಚಿಕ್ಕ ಮುಚ್ಚಳ, ಒಳಗೆ ಲಾಕ್‌ನಟ್ ಬಿಗಿದ ಸ್ಕ್ರೂ. ಅದನ್ನು ತಿರುಗಿಸಿದರೆ 'ಡೀಸೆಲ್ ಜಾಸ್ತಿ ಆಗುತ್ತೆ' ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಲ್ಲಿ ತಿರುಗಿಸಿದ ಹಾಗೆ ಅಂತಲೇ ಅಂದುಕೊಂಡಿದ್ದೆ. ಹಾಗಲ್ಲ. ಡೀಸೆಲ್ ಎಂಜಿನ್ನಿಗೆ ಎಷ್ಟು ಇಂಧನ ಬೇಕು ಅಂತ ತೀರ್ಮಾನಿಸುವುದು ಪಂಪಿನಲ್ಲೇ ಇರುವ ಗವರ್ನರ್ ಅನ್ನುವ ಭಾಗ. ನೀವು ಪೆಡಲ್ ಒತ್ತಿ ವೇಗ ಕೇಳುತ್ತೀರಿ. ಅಷ್ಟು ವೇಗ ಬರುವ ತನಕ ಗವರ್ನರ್ ಇಂಧನ ಏರಿಸುತ್ತ ಹೋಗುತ್ತದೆ. ಏರಿನಲ್ಲಿ ವೇಗ ಬರುವುದೇ ಇಲ್ಲ, ಅದು ಏರಿಸುತ್ತಲೇ ಇರುತ್ತದೆ. ಎಲ್ಲೋ ಒಂದು ಕಡೆ ಯಾರಾದರೂ "ಸಾಕು" ಅನ್ನಬೇಕಲ್ಲ? ಹಾಗನ್ನುವುದೇ ಈ ಸ್ಕ್ರೂ. ಬಡಿಸುವವನಲ್ಲ, ಎಲೆಗೆ ಅಡ್ಡ ಹಿಡಿದ ಕೈ. ಸಪಾಟು ರಸ್ತೆಯಲ್ಲಿ ಸುಮ್ನೆ ಹೋಗುವಾಗ ಗವರ್ನರ್ ಅಲ್ಲಿಯ ತನಕ ಬರುವುದೇ ಇಲ್ಲ. ಹಾಗಾಗಿ ಸ್ಕ್ರೂ ತಿರುಗಿಸಿದರೂ ನಿಧಾನವಾಗಿ ಓಡಿಸುವವನ ಮೈಲೇಜಿಗೆ ಏನೂ ಆಗುವುದಿಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹತ್ತಲು ಎರಡು ವಾರ ಹಿಡಿಯಿತು. ಚಿಕ್ಕಪ್ಪನಿಗೆ ಹೇಳಿದರೆ, "ಮತ್ತೆ? ಅದಕ್ಕೇ ಅಲ್ವಾ ಸೀಲು ಹಾಕ್ತಿದ್ದದ್ದು" ಅಂದರು.

ಹಿರಿಯರಿಗೆ ಯಾಕೆ ಜಾಸ್ತಿ ಬೇಕಿತ್ತು ಅಂದರೆ, ಊರ ಹಿಂದಿನ ಏರಿನಲ್ಲಿ ಲಾರಿ ಮೂರನೇ ಗೇರಿಗೆ ಇಳಿಯುತ್ತದೆ, ಹಿಂದೆ ಕಾರುಗಳ ಸಾಲು ಬೆಳೆಯುತ್ತದೆ. ಸುಮಾರು 130 ಕುದುರೆ ಶಕ್ತಿ, ಖಾಲಿ ಲಾರಿಯ ತೂಕವೇ ಆರು ಟನ್. ಇದೇ ಬ್ಲಾಕಿನ ಅಣ್ಣ ಎಲ್‌ಡಿಎಸ್-465, ಐದು ಟನ್ನಿನ ಲಾರಿಯಲ್ಲಿ 175ರ ಆಸುಪಾಸು ಕೊಡುತ್ತಿತ್ತು. ಅಣ್ಣನಿಗೆ ಆಗುವುದು ತಮ್ಮನಿಗೆ ಯಾಕಾಗಬಾರದು ಅನ್ನುವ ವಾದ. ಅಣ್ಣನ ಒಳಗಿನ ಕೆಲವು ಭಾಗ ಬೇರೆ, ಟರ್ಬೊ ಬೇರೆ ಅನ್ನುವುದನ್ನು ವಾದ ಮಾಡುವವರು ಹೇಳುವುದಿಲ್ಲ. ಇನ್ನೊಂದು ಮಾತು, ಈ ತಮ್ಮನಿಗೆ ಟರ್ಬೊ ಕೂರಿಸಿದ್ದೇ ಶಕ್ತಿಗಿಂತ ಹೆಚ್ಚಾಗಿ ಹೊಗೆ ಕಮ್ಮಿ ಮಾಡಲು. ಹಾಗಾಗಿ ಗಾಳಿ ಸ್ವಲ್ಪ ಮಿಕ್ಕಿರುತ್ತದೆ, ಆ ಮಿಕ್ಕಿದ ಗಾಳಿಯಲ್ಲೇ ನಮ್ಮ ಆಟ. ವೇಗದ ಮಿತಿಯ ಸ್ಕ್ರೂ ಇನ್ನೊಂದಿದೆ. ಅದನ್ನು ಮುಟ್ಟಬಾರದು. ಈ ಎಂಜಿನ್ನುಗಳು 2600 ದಾಟಿದರೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಗೆ ಬರುವುದಕ್ಕೆ ಹೆಸರುವಾಸಿ.

ನಮ್ಮ ಹತ್ತಿರ ಟೆಸ್ಟ್ ಬೆಂಚಿಲ್ಲ, ಗಾಜಿನ ಕೊಳವೆ ಇಲ್ಲ. ಅದಕ್ಕೆ ಬದಲು ಪೈರೋಮೀಟರ್, ಎಂಜಿನ್ನಿಂದ ಹೊರಬರುವ ಹೊಗೆಯ ಬಿಸಿ ತೋರಿಸುವ ಮೀಟರ್. ಡೀಸೆಲ್ಲಿನಲ್ಲಿ ಇಂಧನ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ಟರ್ಬೊಗೆ ಮೊದಲು 1200 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು ಅನ್ನುವುದು ಈ ಲಾರಿಗಳ ಮಾಲೀಕರ ವಾಡಿಕೆ. ನಮ್ಮ ಲೆಕ್ಕದಲ್ಲಿ ಸುಮಾರು 650 ಸೆಂಟಿಗ್ರೇಡ್. "ಅಲ್ಯುಮಿನಿಯಂ ಕರಗೋದು 660ಕ್ಕೆ" ಅಂತ ಚಿಕ್ಕಪ್ಪ ತಕ್ಷಣ ನೆನಪಿಸಿದರು. ಹೊಗೆಯಷ್ಟೇ ಬಿಸಿ ಪಿಸ್ಟನ್ನಿಗೆ ಇರುವುದಿಲ್ಲ ನಿಜ, ಒಳಗಿನಿಂದ ಎಣ್ಣೆ, ಸುತ್ತಲಿನಿಂದ ನೀರು ತಂಪು ಮಾಡುತ್ತಿರುತ್ತದೆ. ಆದರೂ ಆ ಎರಡು ಸಂಖ್ಯೆ ಅಷ್ಟು ಹತ್ತಿರ ಇರುವುದು ನೆಮ್ಮದಿ ಕೊಡುವ ವಿಷಯವಲ್ಲ.

ಪೈರೋಮೀಟರಿನ ಕಡ್ಡಿ ತೂರಿಸಲು ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆಯಬೇಕು. ಬೀಡುಕಬ್ಬಿಣದ ಚೂರು ಒಳಗೆ ಬಿದ್ದರೆ ನೇರ ಟರ್ಬೊ ಚಕ್ರಕ್ಕೆ. ಹಿರಿಯರು ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿದರು. ಎರಡು ಮಿಲಿಮೀಟರ್ ಕೊರೆಯುವುದು, ನಿಲ್ಲಿಸುವುದು, ಕಪ್ಪು ಪುಡಿ ಅಂಟಿದ ಗ್ರೀಸನ್ನು ಬಟ್ಟೆಗೆ ಒರೆಸುವುದು, ಮತ್ತೆ ಹೊಸ ಗ್ರೀಸ್. ಕೊನೆಯ ಕೂದಲೆಳೆಯಷ್ಟು ಉಳಿದಾಗ ನನಗೆ ಡ್ರಿಲ್ ಕೊಟ್ಟು, "ಒತ್ತಬೇಡ, ಅದರ ತೂಕಕ್ಕೇ ಬಿಡು" ಅಂದರು. ಡ್ರಿಲ್ಲಿನ ತುದಿ ಒಳಗೆ ಸರಕ್ಕನೆ ಇಳಿದಾಗ ಇಬ್ಬರೂ ಉಸಿರು ಹಿಡಿದಿದ್ದೆವು. ಆಮೇಲೆ ತಂತಿಯ ತುದಿಗೆ ಆಯಸ್ಕಾಂತ ಕಟ್ಟಿ ಒಳಗೆಲ್ಲ ಆಡಿಸಿದರು. ಮೂರು ಸಲ ಪುಡಿ ಅಂಟಿ ಬಂತು. ನಾಲ್ಕನೇ ಸಲ ಬರಲಿಲ್ಲ. ಐದನೇ ಸಲವೂ ನೋಡಿದರು.

ಮೊದಲು ಏನೂ ಮುಟ್ಟದೆ ಏರು ಹತ್ತಿಸಿದೆವು. 950. ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಹತ್ತಿಸಿದೆವು. 1080, ನಾಲ್ಕನೇ ಗೇರಿನಲ್ಲೇ ಬಹುಪಾಲು ಏರು ಮುಗಿಯಿತು. ಟರ್ಬೊ ಸಿಳ್ಳೆ ಬೇರೆ. ಈ ಲಾರಿಗಳಲ್ಲಿ ಕೆಲವಕ್ಕೆ ಆ ಸಿಳ್ಳೆ ಹುಟ್ಟುಗುಣ. ದಾವಣಗೆರೆಯಲ್ಲಿ ಪಾಳಿ ಬದಲಾಗುವಾಗ ಮಿಲ್ಲಿನ ಕೂಗು ಸಣ್ಣಗೆ ಶುರುವಾಗಿ ಏರುತ್ತಿತ್ತಲ್ಲ, ಹಾಗೆ. ನನಗಂತೂ ಮೈ ಜುಂ ಅಂದಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಮುಂದಿನ ಶನಿವಾರ ಇನ್ನೊಂದು ಸಣ್ಣ ತಿರುವು ಕೊಟ್ಟೆವು. ಕಾಲು ಸುತ್ತೂ ಇಲ್ಲ, ಅದರರ್ಧ. ಏರಿನ ಅರ್ಧಕ್ಕೇ ಮುಳ್ಳು 1200 ದಾಟಿತು. 1240. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣುತ್ತಿಲ್ಲ, ಅಷ್ಟು ಕರಿ ಹೊಗೆ. 1280. ಹಿರಿಯರು ಕಾಲು ತೆಗೆದರು. ಮುಳ್ಳು ಇಳಿಯುವ ತನಕ ಯಾರೂ ಮಾತಾಡಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು, ಆಮೇಲೆ ಎಂಜಿನ್ ಸ್ಟಾಪ್ ಹಿಡಿ ಎಳೆದರು.

ಕಾಲು ಸುತ್ತಿಗೆ 130 ಏರಿದ್ದು, ಅದರರ್ಧಕ್ಕೆ 200 ಯಾಕೆ ಏರಿತು? ಆವತ್ತು ಸಂಜೆ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಎಣ್ಣೆ ಅದೇ ಇತ್ತಾ?"

ಇರಲಿಲ್ಲ. ವಾರದ ಮಧ್ಯೆ ಹಿರಿಯರು ಟ್ಯಾಂಕಿಗೆ ಸೋಸಿದ ಹಳೇ ಎಂಜಿನ್ ಆಯಿಲ್ ಸುರಿದಿದ್ದರು. 50 ಗ್ಯಾಲನ್ ಟ್ಯಾಂಕಿಗೆ ಹತ್ತು ಗ್ಯಾಲನ್ನಿನಷ್ಟು. ಏನು ಹಾಕಿದರೂ ಓಡುತ್ತದಲ್ಲ, ಎಸೆಯುವುದೇಕೆ ಅಂತ. ನನಗೆ ಹೇಳಬೇಕು ಅಂತ ಅವರಿಗೂ ಹೊಳೆದಿಲ್ಲ, ಕೇಳಬೇಕು ಅಂತ ನನಗೂ ಹೊಳೆದಿಲ್ಲ.

"ಲೇ, ಒಂದು ಸಲಕ್ಕೆ ಒಂದೇ ಮುಟ್ಟಬೇಕು ಅಂತ ಎಷ್ಟು ಸಲ ಹೇಳಿದ್ದೆ?" ಅಂತ ಚಿಕ್ಕಪ್ಪ ರೇಗಿದರು. ನಾನು ಹನ್ನೊಂದು ವರ್ಷದವನಿದ್ದಾಗ ಹೇಳಿದ್ದು ಅದು. ಎಂಜಿನ್ ಆಯಿಲ್ ಡೀಸೆಲ್ಲಿಗಿಂತ ಭಾರ, ಅದೇ ಅಳತೆಯಲ್ಲಿ ಶಕ್ತಿ ಸ್ವಲ್ಪ ಜಾಸ್ತಿ. ಮಂದ ಬೇರೆ. ಸವೆದ ಪ್ಲಂಜರಿನ ಸಂದಿಯಲ್ಲಿ ಡೀಸೆಲ್ ಸೋರಿ ಹೋಗುತ್ತದೆ, ಮಂದ ಎಣ್ಣೆ ಅಷ್ಟು ಸೋರುವುದಿಲ್ಲ, ಅದೂ ಸಿಲಿಂಡರಿಗೇ ಹೋಗುತ್ತದೆ. ಮೇಲೆ ಅದು ಬೇಗ ಆವಿಯಾಗುವುದಿಲ್ಲ, ತಡವಾಗಿ ಉರಿದು ಬಿಸಿಯನ್ನೆಲ್ಲ ಹೊಗೆಯ ಜೊತೆ ಹೊರಗೆ ಕಳಿಸುತ್ತದೆ. ಇಂಥ ಹೊತ್ತಿನಲ್ಲಿ ತಾನೇ ಮಿತಿಯನ್ನು ಇಳಿಸಲೆಂದು ಒಂದು ಡಬ್ಬಿ ಇತ್ತು. ಅದನ್ನು ಬೈಪಾಸ್ ಮಾಡಿ, ಅದರ ಕೆಲಸವನ್ನು ನಾವಿಬ್ಬರು ಸ್ಪ್ಯಾನರ್ ಹಿಡಿದು, ಅದೂ ಉಲ್ಟಾ ದಿಕ್ಕಿನಲ್ಲಿ ಮಾಡುತ್ತಿದ್ದೆವು.

ಬರೀ ಡೀಸೆಲ್ ಹಾಕುವವರು ಬೈಪಾಸ್ ಮಾಡಿಕೊಂಡರೆ ನನ್ನ ತಕರಾರಿಲ್ಲ. ಸಿಕ್ಕಿದ್ದೆಲ್ಲ ಹಾಕುತ್ತೇನೆ ಅನ್ನುವವರು ಆ ಡಬ್ಬಿ ರಿಪೇರಿ ಮಾಡಿಸಬೇಕು. ಎರಡೂ ಬೇಕು ಅಂದರೆ ಹೇಗೆ? ಹಿರಿಯರಿಗೆ ಇದನ್ನು ಹೇಳಿದೆ. ಅವರು ಮುಖ ಹುಳ್ಳಗೆ ಮಾಡಿಕೊಂಡು, ಮಿಕ್ಕ ಕರಿ ಎಣ್ಣೆಯ ಡಬ್ಬಗಳನ್ನು ಕೊಟ್ಟಿಗೆಯ ಮೂಲೆಗೆ ಸರಿಸಿದರು. ಎಸೆದಿಲ್ಲ, ಸರಿಸಿದ್ದಾರೆ.

ಟ್ಯಾಂಕ್ ಬಸಿದು, ಬರೀ ಡೀಸೆಲ್ ತುಂಬಿ, ಸ್ಕ್ರೂ ಮೊದಲಿನ ಕಾಲು ಸುತ್ತಿಗೇ ತಂದೆವು. ಏರಿನಲ್ಲಿ ಈಗ 1080. ಲಾಕ್‌ನಟ್ ಬಿಗಿದು, ನಟ್ಟಿನ ಮೇಲೂ ಸ್ಕ್ರೂ ಮೇಲೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ಮುಚ್ಚಳ ಹಾಕಿ ತಂತಿ ಕಟ್ಟಿದೆ. ಸೀಸದ ಸೀಲು ಇಲ್ಲಿ ಎಲ್ಲಿ ಸಿಗಬೇಕು, ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಇಕ್ಕಳದಿಂದ ಒತ್ತಿದೆ. ಫೋಟೊ ಕಳಿಸಿದೆ.

ಚಿಕ್ಕಪ್ಪ ಸೀಲನ್ನು ಹೊಗಳಲಿಲ್ಲ. "ಮೈಲೇಜ್ ಎಷ್ಟು?" ಅಂದರು. ಗ್ಯಾಲನ್ನಿಗೆ ಒಂಬತ್ತು ಹತ್ತು ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದೆ.

"ಖಾಲಿ ಲಾರಿಗಾ?"

"ಹೂಂ, ಖಾಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸಿಸಿ ಎಷ್ಟು ಅಂತ ಇನ್ನೂ ಹೇಳಲಿಲ್ಲ ನೀನು" ಅಂದರು.